ಒಂದು ಪದವಿಗೆ ಎಷ್ಟು ಟನ್ ಕಬ್ಬು?

ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಕಟ್ಟೆ ಖಾಲಿ ಇರುವುದಿಲ್ಲ. ನಾನು ಮುಧೋಳ ತಾಲೂಕಿನ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ರ‍್ಯಾಂಕ್ ಚೀಟಿ ಹಿಡಿದು ಬರುವ ತಂದೆ-ತಾಯಂದಿರು ಕೇಳುವುದು ಗಣಿತವನ್ನೇ, ಅದು ಪುಸ್ತಕದಲ್ಲಿ ಇರುವುದಿಲ್ಲ ಅಷ್ಟೆ. ಈ ಸಲ ಬಂದವರು ನಾಲ್ಕು ಎಕರೆ ಕಬ್ಬಿನ ರೈತರು, ಜೊತೆಗೆ ಮಗ.

"ಹುಡುಗಗ ಏರೋನಾಟಿಕಲ್ಲೇ ಬೇಕಂತ್ರಿ ಸರ್. ನಾಕ್ ವರ್ಷಕ್ಕ ಎಂಟ್ ಲಕ್ಷ ಆಗತೈತಂತ. ಬ್ಯಾಂಕಿನ್ಯಾಗ ಸಾಲ ತಗೀತೀವಿ, ನೌಕರಿ ಹಿಡದ ಮ್ಯಾಲ ಅಂವನ ತೀರಸ್ತಾನ. ಹತ್ತರಗಿ ಹಂತ್ಯಾಕ ವಿಮಾನದ ಸಾಮಾನು ಮಾಡೂ ಫ್ಯಾಕ್ಟರಿ ಐತೆಲ್ಲಾ, ಅಲ್ಲೇ ಸಿಗತೈತಿ. ಬರೋಬ್ಬರಿ ಹೌದಲ್ಲರಿ?"

ಆ ಮಾತಿನಲ್ಲಿ ಮೂರು ಊಹೆಗಳಿದ್ದವು. ಎಂಟು ಲಕ್ಷ ಸಾಲ ಎಂದರೆ ಎಂಟು ಲಕ್ಷ, ನೌಕರಿ ಸಿಗುತ್ತದೆ, ಪಗಾರದಲ್ಲಿ ಸಾಲ ತೀರುತ್ತದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ವರ್ಷವರ್ಷವೂ ಸಾವಿರಾರು ಮನೆಗಳು ಈ ಮೂರು ಊಹೆಗಳ ಮೇಲೆಯೇ ದೊಡ್ಡ ನಿರ್ಧಾರ ತೆಗೆದುಕೊಳ್ಳುತ್ತಿವೆ. ಒಂದೊಂದಾಗಿ ನೋಡೋಣ ಎಂದು ಹಾಳೆ ತೆಗೆದೆ.

ಮೊದಲು ಸಾಲ. ಶಿಕ್ಷಣ ಸಾಲವನ್ನು ಬ್ಯಾಂಕು ಒಂದೇ ಸಲ ಕೊಡುವುದಿಲ್ಲ, ವರ್ಷವರ್ಷದ ಶುಲ್ಕವನ್ನು ಕಾಲೇಜಿಗೇ ಕಟ್ಟುತ್ತದೆ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇ 10 ಎಂದು ಇಟ್ಟುಕೊಳ್ಳಿ. ಓದು ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಈ ಬಿಡುವನ್ನು ಬಹಳ ಜನ ಬಡ್ಡಿಯ ಬಿಡುವು ಎಂದೇ ತಿಳಿದಿದ್ದಾರೆ. ಕಂತಿಗೆ ಬಿಡುವು ಇದೆ, ಬಡ್ಡಿಗೆ ಇಲ್ಲ. ಮೊದಲ ವರ್ಷದ 2 ಲಕ್ಷ ಐದು ವರ್ಷ ಬಡ್ಡಿ ಬೆಳೆಸುತ್ತದೆ, ಅಂದರೆ 1 ಲಕ್ಷ. ಎರಡನೆಯ ವರ್ಷದ ಹಣಕ್ಕೆ 80 ಸಾವಿರ, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 40. ಒಟ್ಟು 2 ಲಕ್ಷ 80 ಸಾವಿರ. ಇದೂ ಅಸಲಿಗೆ ಸೇರುತ್ತದೆ. ಹುಡುಗ ಮೊದಲ ಕಂತು ಕಟ್ಟುವ ದಿನ ಅವನ ತಲೆಯ ಮೇಲಿರುವುದು 8 ಲಕ್ಷವಲ್ಲ, 10 ಲಕ್ಷ 80 ಸಾವಿರ.

ಇದನ್ನು ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 14,270 ರೂಪಾಯಿ. ಹತ್ತು ವರ್ಷಕ್ಕೆ ಕಟ್ಟಿದ್ದೆಲ್ಲ ಕೂಡಿಸಿದರೆ 17 ಲಕ್ಷ ದಾಟುತ್ತದೆ. ಕಂತು ಭಾರವಾಯಿತೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ 11,600 ಆಗುತ್ತದೆ, ಆದರೆ ಒಟ್ಟು ಮೊತ್ತ 21 ಲಕ್ಷದ ಹತ್ತಿರ ಹೋಗುತ್ತದೆ. ನೆನಪಿಗೆ ಸುಲಭವಾಗಲಿ ಎಂದು ನಾನು ಹೀಗೆ ಹೇಳುತ್ತೇನೆ: ನಾಲ್ಕು ವರ್ಷದ ಕೋರ್ಸಿಗೆ, ಹತ್ತು ವರ್ಷದ ಮರುಪಾವತಿಗೆ, ತೆಗೆದ ಪ್ರತಿ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 1,800 ರೂಪಾಯಿ. ಮೂರು ಲಕ್ಷ ತೆಗೆದರೆ ಐದೂವರೆ ಸಾವಿರದ ಹತ್ತಿರ. ಎಂಟು ಲಕ್ಷಕ್ಕೆ ಹದಿನಾಲ್ಕು ಸಾವಿರದ ಮೇಲೆ.

ಅಷ್ಟು ಹೇಳಿದರೂ ಆ ತಂದೆಗೆ ಅದು ಬರೀ ಅಂಕಿ. ಆಗ ಕಬ್ಬಿನ ಲೆಕ್ಕ ಹಾಕಿದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು-ರಾತ್ರಿ ಕೂತು ಹೋರಾಡಿದ ಮೇಲೆ ಬಂದ ದರ ಟನ್ನಿಗೆ 3,300 ರೂಪಾಯಿ. ಒಂದು ವರ್ಷದ ಕಂತು 1 ಲಕ್ಷ 71 ಸಾವಿರ. ಅಂದರೆ 52 ಟನ್ ಕಬ್ಬು. ಗೊಬ್ಬರ, ನೀರು, ಕಳೆ ಯಾವ ಖರ್ಚನ್ನೂ ಕಳೆಯದೆ, ಕಾರ್ಖಾನೆಗೆ ಹೋದ ಬರೀ ತೂಕ ಅದು. ಹತ್ತು ವರ್ಷ, ಪ್ರತಿ ಹಂಗಾಮು, 52 ಟನ್. ಅವರು ಮಗನ ಮುಖ ನೋಡಿದರು. ಮಗ ನೆಲ ನೋಡಿದ.

ಹೆದರಿಸುವ ಉದ್ದೇಶ ನನಗಿರಲಿಲ್ಲ. ಸಾಲ ಕೆಟ್ಟದ್ದು ಎಂದು ನಾನು ನಂಬುವುದಿಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿಎಲ್‌ಡಿಇ 1910ರಲ್ಲಿ, ಬೆಳಗಾವಿಯ ಕೆಎಲ್‌ಇ ಸಂಸ್ಥೆ 1916ರಲ್ಲಿ ಹುಟ್ಟಿದ್ದು ಈ ಭಾಗದ ಬಡ ಮಕ್ಕಳು ಓದಲಿ ಎಂದೇ. ಓದಿನಿಂದ ಮನೆ ಮೇಲೆ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ನಂಬಿಕೆ ಇರುವುದರಿಂದಲೇ ನಮ್ಮ ಜನ ಓದಿನ ಸಾಲವನ್ನು ತೂಗಿ ನೋಡುವುದಿಲ್ಲ. ಟ್ರ್ಯಾಕ್ಟರ್ ಕೊಳ್ಳುವಾಗ ನಾಲ್ಕು ಊರು ತಿರುಗಿ ವಿಚಾರಿಸುವವರು, ಅದಕ್ಕಿಂತ ದೊಡ್ಡ ಮೊತ್ತದ ಕಾಲೇಜಿಗೆ ಒಂದು ಬಣ್ಣದ ಪುಸ್ತಿಕೆ ನೋಡಿ ಒಪ್ಪಿಬಿಡುತ್ತಾರೆ.

ಇನ್ನು ಪಗಾರ. ಪುಸ್ತಿಕೆಯಲ್ಲಿ ದೊಡ್ಡಕ್ಷರದಲ್ಲಿ ಇರುವುದು 'ಅತಿ ಹೆಚ್ಚಿನ ಪ್ಯಾಕೇಜ್'. ಅದು ಒಬ್ಬ ಹುಡುಗನ ಪಗಾರ. ನಮ್ಮ ಹುಡುಗ ಆ ಒಬ್ಬನಾಗಬಹುದು, ಆಗದೆಯೂ ಇರಬಹುದು. ಸಾಲಕ್ಕೆ ಅದು ಆಧಾರವಾಗಲಾರದು. 'ಸರಾಸರಿ ಪ್ಯಾಕೇಜ್' ಕೂಡ ಮೋಸ ಮಾಡುತ್ತದೆ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 3 ಲಕ್ಷ, ಒಬ್ಬನಿಗೆ 33 ಲಕ್ಷ ಸಿಕ್ಕರೆ ಸರಾಸರಿ 6 ಲಕ್ಷ. ಆ 6 ಲಕ್ಷ ಯಾರ ಕೈಗೂ ಬಂದಿಲ್ಲ! ಕೇಳಬೇಕಾದದ್ದು ಮಧ್ಯಾಂಕ, ಅಂದರೆ ಎಲ್ಲರನ್ನೂ ಪಗಾರದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವನ ಪಗಾರ.

ಇದು ಗುಟ್ಟಿನ ಮಾಹಿತಿ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಈ ಅಂಕಿಗಳನ್ನು ಸಲ್ಲಿಸಲೇಬೇಕು, ತಮ್ಮ ಜಾಲತಾಣದಲ್ಲೂ ಇಡಬೇಕು. ಕಾಲೇಜಿನ ಹೆಸರಿನ ಮುಂದೆ ಎನ್‌ಐಆರ್‌ಎಫ್ ಎಂದು ಬರೆದು ಹುಡುಕಿದರೆ ಒಂದು ಪಿಡಿಎಫ್ ಸಿಗುತ್ತದೆ. ಅದರಲ್ಲಿ ಪ್ರತಿ ವರ್ಷಕ್ಕೆ ಒಂದು ಸಾಲು: ಎಷ್ಟು ಜನ ಸೇರಿದರು, ಅವರಲ್ಲಿ ಎಷ್ಟು ಜನ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನಕ್ಕೆ ನೌಕರಿ ಸಿಕ್ಕಿತು, ನೌಕರಿ ಸಿಕ್ಕವರ ಮಧ್ಯಾಂಕ ಪಗಾರ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ಈ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಸೇರಿದವರು 120, ಸಮಯಕ್ಕೆ ಪಾಸಾದವರು 80, ನೌಕರಿ ಸಿಕ್ಕವರು 45, ಮಧ್ಯಾಂಕ ನಾಲ್ಕು ಲಕ್ಷ ಎಂದಿದ್ದರೆ, ಆ ನಾಲ್ಕು ಲಕ್ಷ ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರ ಗುಂಪಿನ ನಡುವಿನ ಅಂಕಿ. ಉಳಿದವರ ಪಗಾರ ಆ ಮಧ್ಯಾಂಕದಲ್ಲಿ ಸೇರಿಯೇ ಇಲ್ಲ. ಅವರಲ್ಲಿ ಹಲವರ ಸಾಲದ ಕಂತು ಮಾತ್ರ ಶುರುವಾಗಿರುತ್ತದೆ.

ಈ ಪಿಡಿಎಫ್‌ನಲ್ಲಿ ಒಂದು ಕೊರತೆ ಇದೆ. ಕಾಲೇಜಿನ ಎಲ್ಲ ಶಾಖೆಗಳನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟಿರುತ್ತಾರೆ. ಕಂಪ್ಯೂಟರ್ ಸೈನ್ಸ್ ಹುಡುಗರ ನೌಕರಿಗಳ ನೆರಳಿನಲ್ಲಿ ಏರೋನಾಟಿಕಲ್ ಶಾಖೆಯ ಸ್ಥಿತಿ ಕಾಣುವುದಿಲ್ಲ. ಹಾಗಾಗಿ ಶಾಖಾವಾರು ಪಟ್ಟಿಯನ್ನು ಪ್ಲೇಸ್‌ಮೆಂಟ್ ಆಫೀಸಿನಲ್ಲಿ ಬರಹದಲ್ಲಿ ಕೇಳಿ. ಕೊಡದಿದ್ದರೆ ಅದನ್ನೂ ಒಂದು ಉತ್ತರ ಎಂದುಕೊಳ್ಳಿ.

ಪ್ಯಾಕೇಜ್ ಪೂರ್ತಿ ಕೈಗೆ ಬರುತ್ತದೆಯೇ ಎಂಬುದು ಇನ್ನೊಂದು ಮಾತು. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಪಗಾರ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ 3ರಿಂದ 4 ಲಕ್ಷದ ನಡುವೆಯೇ ಕೂತಿದೆ. 3 ಲಕ್ಷ 60 ಸಾವಿರ ಎಂದರೆ ತಿಂಗಳಿಗೆ 30 ಸಾವಿರ ಎಂದು ಅಪ್ಪ ಅಂದುಕೊಳ್ಳುತ್ತಾರೆ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರ್ಯಾಚುಟಿ ಎಲ್ಲ ಸೇರಿರುತ್ತದೆ. ನೌಕರನ ಪಾಲಿನ ಪಿಎಫ್, 200 ರೂಪಾಯಿ ವೃತ್ತಿ ತೆರಿಗೆ ಹಿಡಿದ ಮೇಲೆ ಕೈಗೆ ಬರುವುದು 24ರಿಂದ 25 ಸಾವಿರ. ಬೆಂಗಳೂರಿನ ಪಿಜಿಯಲ್ಲಿ ಊಟ-ವಸತಿಗೆ ಎಂಟು-ಹತ್ತು ಸಾವಿರ ಹೋಗುತ್ತದೆ. 14 ಸಾವಿರದ ಕಂತು ಕಟ್ಟಿದ ಹುಡುಗನಿಗೆ ದೀಪಾವಳಿಗೆ ಊರಿಗೆ ಬರಲು ಬಸ್ ಚಾರ್ಜಿಗೂ ಅಪ್ಪನನ್ನೇ ಕೇಳುವ ಸ್ಥಿತಿ. ಕಂತು ಕೈಗೆ ಬರುವ ಪಗಾರದ ಕಾಲು ಭಾಗ ದಾಟಬಾರದು ಎಂದು ನಾನು ಲೆಕ್ಕ ಹಿಡಿದಿದ್ದೇನೆ. 25 ಸಾವಿರ ಪಗಾರಕ್ಕೆ ಆರು ಸಾವಿರ ಕಂತು. ಅಂದರೆ ಸಾಲ ಮೂರು ಲಕ್ಷ, ತೀರಾ ಎಳೆದರೆ ಮೂರೂವರೆ.

ಇಷ್ಟು ಲೆಕ್ಕ ಯಾವ ಪದವಿಗಾದರೂ ಒಂದೇ. ವಿಶೇಷ ಪದವಿಯಲ್ಲಿ, ಅಂದರೆ ಏರೋನಾಟಿಕಲ್‌ನಂತೆ ಒಂದೇ ಕ್ಷೇತ್ರಕ್ಕೆ ಮೀಸಲಾದ ಓದಿನಲ್ಲಿ, ಬೇರೆಯಾಗುವುದು ಎರಡನೆಯ ಊಹೆ, ನೌಕರಿ.

ಹತ್ತರಗಿಯ ಮಾತಿಗೇ ಬರುತ್ತೇನೆ. ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ, ಹುಕ್ಕೇರಿ ತಾಲೂಕಿನಲ್ಲಿ, ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಇದೆ. ವಿಮಾನದ ಬಿಡಿಭಾಗಗಳು ಅಲ್ಲಿ ತಯಾರಾಗಿ ವಿದೇಶಕ್ಕೆ ಹೋಗುತ್ತವೆ. ನಮ್ಮ ಜಿಲ್ಲೆಗಳಿಗೆ ಅದು ಹೆಮ್ಮೆಯ ಸಂಗತಿ. ಆದರೆ ಅಲ್ಲಿ ನಡೆಯುವುದು ಲೋಹ ಕೊರೆಯುವ, ನಯಗೊಳಿಸುವ, ಅಳತೆ ನೋಡುವ ಕೆಲಸ. ಅದಕ್ಕೆ ಬೇಕಾದವರು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಲ್ಲವರು, ಟೂಲ್ ಮತ್ತು ಡೈ (ಉಪಕರಣ, ಅಚ್ಚು) ಮಾಡಬಲ್ಲವರು, ಮೆಕ್ಯಾನಿಕಲ್ ಎಂಜಿನಿಯರ್‌ಗಳು. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ನಾಲ್ಕು ವರ್ಷ ಓದಿದವನ ವಿದ್ಯೆಗೆ ಸರಿಹೊಂದುವ ವಿನ್ಯಾಸದ ಕೆಲಸ ಹೆಚ್ಚಾಗಿ ಬೆಂಗಳೂರಿನಲ್ಲಿದೆ, ಅದೂ ಬೆರಳೆಣಿಕೆಯ ಸಂಸ್ಥೆಗಳಲ್ಲಿ. ಅವುಗಳಲ್ಲಿ ಹಲವು ಎಂ.ಟೆಕ್ ಕೇಳುತ್ತವೆ. ಹೆಸರಲ್ಲಿ ವಿಮಾನ ಇದ್ದ ಮಾತ್ರಕ್ಕೆ ವಿಮಾನದ ಕಾರ್ಖಾನೆಗೆ ದಾರಿ ಹತ್ತಿರವಾಗುವುದಿಲ್ಲ. ಬೆಳಗಾವಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಎಸ್‌ಎಸ್‌ಎಲ್‌ಸಿ ಮುಗಿಸಿ ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಮಾಡಿದವನಿಗೆ ಉದ್ಯಮಬಾಗದ ಫೌಂಡ್ರಿಗಳಿಂದ ಹತ್ತರಗಿಯವರೆಗೆ ತಟ್ಟಲು ಬಾಗಿಲುಗಳಿವೆ, ಸಾಲವೂ ಕಡಿಮೆ. ಅವನದೂ ವಿಶೇಷ ವಿದ್ಯೆಯೇ. ಡಿಪ್ಲೊಮಾ ಆದ ಮೇಲೆ ಬಿಇ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ.

ಒಂದು ಪದವಿ ಎಷ್ಟು ಇಕ್ಕಟ್ಟಿನದೋ, ಕೆಲಸ ಕೊಡುವವರು ಅಷ್ಟು ಕಡಿಮೆ. ಕೆಲಸ ಕೊಡುವವರು ಕಡಿಮೆಯಾದಷ್ಟೂ ಕಾಯುವ ಕಾಲ ಹೆಚ್ಚು. ಸಾಲ ಮಾತ್ರ ಕಾಯುವುದಿಲ್ಲ. ಅದಕ್ಕೇ ಇಕ್ಕಟ್ಟಿನ ಪದವಿಗೆ ದೊಡ್ಡ ಸಾಲ ಕೂಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪದವಿ ಇಕ್ಕಟ್ಟಿನದಾಗಿದ್ದರೂ ಶುಲ್ಕ ಕಡಿಮೆ ಇದ್ದರೆ ಧೈರ್ಯವಾಗಿ ಸೇರಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ತೋಟಗಾರಿಕೆ ಪದವಿ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಆಯಿತು. ಗೋಕಾಕ ಬದಿಯ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜು ಅದರದ್ದೇ. ಸಿಇಟಿ ಮೂಲಕ ಸರ್ಕಾರಿ ಶುಲ್ಕದ ಸೀಟು ಸಿಗುತ್ತದೆ, ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಸಾಲವಿಲ್ಲದೆ, ಅಥವಾ ಒಂದೆರಡು ಲಕ್ಷದಲ್ಲಿ ಮುಗಿಯುವ ಓದು. ನೌಕರಿಯ ಬಾಗಿಲುಗಳನ್ನು ನೋಡಿದರೆ, ಕೆಪಿಎಸ್‌ಸಿ ಮೂಲಕ ತೋಟಗಾರಿಕೆ ಇಲಾಖೆ ಇದೆ, ಆದರೆ ಅಧಿಸೂಚನೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಇದೆ. ಅಲ್ಲಿ ಮೂಲ ವೇತನವೇ 48,480ರಿಂದ ಆರಂಭ, ಪೈಪೋಟಿಯೂ ಅಷ್ಟೇ ಬಿರುಸು. ಎರಡೂ ಸಿಗದಿದ್ದರೆ ಬೀಜ, ಔಷಧ, ಹನಿ ನೀರಾವರಿ ಕಂಪನಿಗಳ ಮಾರಾಟದ ಕೆಲಸ, ಬೈಕ್ ಮೇಲೆ ಊರೂರು ತಿರುಗಾಟ, ತಿಂಗಳ ಕೊನೆಗೆ ಟಾರ್ಗೆಟ್. ಈ ಕೆಲಸದ ಆರಂಭದ ಪಗಾರದಲ್ಲಿ 14 ಸಾವಿರದ ಕಂತು ಕಟ್ಟಲು ಆಗುವುದಿಲ್ಲ. ಸಾಲ ಇಲ್ಲದವನು ಮಾತ್ರ ಆ ಪಗಾರದಲ್ಲಿ ಎರಡು ವರ್ಷ ತಳ ಊರಿ, ಪರೀಕ್ಷೆಗೂ ಓದಿ, ಮೇಲೆ ಹತ್ತಬಲ್ಲ. ತಿಕೋಟಾದಲ್ಲಿ ದ್ರಾಕ್ಷಿಯೋ ಇಂಡಿಯಲ್ಲಿ ನಿಂಬೆಯೋ ಇರುವ ಮನೆಯ ಹುಡುಗನಾದರೆ ಆ ಓದು ಸ್ವಂತ ಹೊಲದಲ್ಲೇ ದುಡಿಯುತ್ತದೆ. ಇದೇ ಪದವಿಯನ್ನು ಎಲ್ಲೋ ದೂರದ ಖಾಸಗಿ ಸಂಸ್ಥೆಯಲ್ಲಿ ಹತ್ತು ಲಕ್ಷ ಕೊಟ್ಟು ಮಾಡಿದರೆ ಲೆಕ್ಕ ತಲೆಕೆಳಗು. ಪಠ್ಯ ಅದೇ, ನೌಕರಿಯ ಬಾಗಿಲೂ ಅವೇ.

ಸಕ್ಕರೆ ತಂತ್ರಜ್ಞಾನವೂ ಹೀಗೆಯೇ. ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲೇ ಇದೆ, ಸುತ್ತಲೂ ಕಾರ್ಖಾನೆಗಳಿವೆ, ಎಥೆನಾಲ್ ಬಂದ ಮೇಲೆ ಡಿಸ್ಟಿಲರಿಗಳಲ್ಲೂ ಕೆಮಿಸ್ಟ್‌ಗಳು ಬೇಕು. ಇಕ್ಕಟ್ಟಿನ ವಿದ್ಯೆ ನಿಜ, ಆದರೆ ಮಾಲೀಕರು ಕಣ್ಣಳತೆಯಲ್ಲಿದ್ದಾರೆ.

ಎಐ-ಎಂಎಲ್, ಡೇಟಾ ಸೈನ್ಸ್ ಎಂಬ ಹೊಸ ಹೆಸರುಗಳ ಬಗ್ಗೆ ಕೇಳುವವರೇ ಈಗ ಹೆಚ್ಚು. 2024-25ರಿಂದ ತಾಂತ್ರಿಕ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ ಶಾಖೆಯ ಸೀಟುಗಳಿಗಿದ್ದ ಮಿತಿ ತೆಗೆದುಹಾಕಿತು. ಬೇಡಿಕೆ ಇರುವ ಶಾಖೆಯಲ್ಲಿ ಕಾಲೇಜುಗಳು ಸೀಟು ಏರಿಸಿದವು. ಇಂದು ಸೇರಿದವರೆಲ್ಲ ನಾಲ್ಕು ವರ್ಷದ ನಂತರ ಒಟ್ಟಿಗೇ ಹೊರಗೆ ಬರುತ್ತಾರೆ. ಎಲ್ಲರ ಹೊಲದಲ್ಲೂ ಈರುಳ್ಳಿ ಇದ್ದ ವರ್ಷ ದರ ಏನಾಗುತ್ತದೆ ಎಂದು ಈ ಭಾಗದವರಿಗೆ ನಾನು ಹೇಳಬೇಕಿಲ್ಲ. ಸಾಮೂಹಿಕ ನೇಮಕಾತಿಗೆ ಬರುವ ಕಂಪನಿಗಳು ಈ ಶಾಖೆಗಳನ್ನೆಲ್ಲ ಕಂಪ್ಯೂಟರ್ ಸೈನ್ಸ್ ಜೊತೆಗೇ ಕೂರಿಸಿ ಒಂದೇ ಪರೀಕ್ಷೆ ಕೊಡುತ್ತವೆ. ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ.

ಹಣ ಎಲ್ಲಿಂದ ಬರುತ್ತದೆ ಎಂಬುದು ನನಗೆ ಹೆಚ್ಚು ನೋವು ಕೊಡುವ ಭಾಗ. ಶಿಕ್ಷಣ ಸಾಲದ ಸಾಮಾನ್ಯ ನಿಯಮದಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ, ಅದರ ಮೇಲೆ ಬೇಕು. ನಮ್ಮವರಲ್ಲಿ ಇರುವ ಆಸ್ತಿ ಹೊಲ. ಆದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ನೇರ ವಶಕ್ಕೆ ಪಡೆಯಲು ಇರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಬ್ಯಾಂಕು ಹೊಲದ ಉತಾರ (ಪಹಣಿ) ನೋಡಿ ಹಿಂಜರಿಯುತ್ತದೆ, ಮನೆಯೋ ಸೈಟೋ ಡಿಪಾಜಿಟ್ಟೋ ಕೇಳುತ್ತದೆ. ಅದರ ಮೇಲೆ, ಮ್ಯಾನೇಜ್‌ಮೆಂಟ್ ಸೀಟಿಗೆ ರಸೀದಿ ಇಲ್ಲದೆ ಕೊಡುವ ಡೊನೇಶನ್‌ಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಆ ಹಣ ಬರುವುದು ಕೈಗಡದಿಂದ, ಖಾಸಗಿ ಫೈನಾನ್ಸ್‌ನಿಂದ, ಹೊಲ ಒತ್ತಿ ಹಾಕಿ. 'ಎರಡು ರೂಪಾಯಿ ಬಡ್ಡಿ' ಎಂದು ಮೆತ್ತಗೆ ಹೇಳುತ್ತಾರೆ. ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ 24. ಮೂರು ರೂಪಾಯಿ ಎಂದರೆ ಶೇ 36. ಮೂರು ಲಕ್ಷ ಡೊನೇಶನ್ ಈ ಬಡ್ಡಿಗೆ ತಂದರೆ ತಿಂಗಳಿಗೆ ಬರೀ ಬಡ್ಡಿಯೇ 6ರಿಂದ 9 ಸಾವಿರ, ಮಗ ಮೊದಲ ವರ್ಷ ಕ್ಲಾಸಿನಲ್ಲಿ ಕೂತಿರುವಾಗಲೇ. ರಸೀದಿ ಇಲ್ಲದ ರೊಕ್ಕ ಕೊಡಲೇಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಯಾವ ಪದವಿಯ ಪಗಾರವೂ ಆ ಬಡ್ಡಿಯನ್ನು ಹಿಂದೆ ಹಾಕಲಾರದು.

ಅಗ್ಗದ ಸಾಲದ ದಾರಿಗಳು ಇವೆ, ಸಮಯಕ್ಕೆ ಅರ್ಜಿ ಹಾಕಬೇಕು ಅಷ್ಟೆ. ಹಿಂದುಳಿದ ವರ್ಗಗಳಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮ 'ಅರಿವು' ಯೋಜನೆಯಲ್ಲಿ ಶೇ 2ರ ಬಡ್ಡಿಗೆ ಸಾಲ ಕೊಡುತ್ತವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನು, ಅಡವು ಎರಡೂ ಬೇಡ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ನೆರವಿಗೂ ಅವಕಾಶವಿದೆ. ಆದರೆ ಅದು ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಇಲ್ಲ. ಆಯ್ಕೆ ನಮೂದಿಸುವ ಮೊದಲೇ ಆ ಪಟ್ಟಿ ತೆರೆದು ನೋಡಿ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೂ ದೊಡ್ಡ ಉಳಿತಾಯ. ಮೇಲಿನ 8 ಲಕ್ಷದ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 1,670 ರೂಪಾಯಿಯಿಂದ ಆರಂಭಿಸಿ ಬಡ್ಡಿ ಕಟ್ಟಿದರೆ, ಆಮೇಲಿನ ಕಂತು 14,270ರಿಂದ 10,570ಕ್ಕೆ ಇಳಿಯುತ್ತದೆ. ಒಟ್ಟಾರೆ ಒಂದೂವರೆ ಲಕ್ಷದ ಮೇಲೆ ಉಳಿಯುತ್ತದೆ.

ಸಾಲದಲ್ಲಿ ತಂದೆಯ ಸಹಿಯೂ ಇರುತ್ತದೆ. ಮಗ ಕಂತು ತಪ್ಪಿಸಿದರೆ ತಂದೆಯ ಸಿಬಿಲ್ ಅಂಕ, ಅಂದರೆ ಸಾಲ ತೀರಿಸಿದ ದಾಖಲೆ ಕೆಡುತ್ತದೆ, ನಾಳೆ ಪೈಪ್‌ಲೈನ್‌ಗೋ ಬೋರ್‌ವೆಲ್‌ಗೋ ಸಾಲ ಕೇಳಲು ಹೋದಾಗ ಅದು ಎದುರು ನಿಲ್ಲುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಕೆಡುವುದನ್ನು ನೋಡಿದ್ದೇನೆ. ಮಗನಿಗೆ ಎಂಟು ಲಕ್ಷ ಸಾಲ ಮಾಡಲು ತಯಾರಿರುವ ಮನೆ, ಅವನಿಗಿಂತ ಒಳ್ಳೆಯ ರ‍್ಯಾಂಕ್ ತೆಗೆದ ಮಗಳಿಗೆ 'ಹತ್ತಿರದಲ್ಲೇ ಏನಾದರೂ' ಎನ್ನುತ್ತದೆ. ಸಾಲ ತೀರಿಸುವ ಶಕ್ತಿ ಇರುವುದು ಅಂಕದಲ್ಲಿ, ಸಿಕ್ಕ ಸೀಟಿನಲ್ಲಿ. ಹಲವು ಸರ್ಕಾರಿ ಬ್ಯಾಂಕುಗಳು ಹುಡುಗಿಯರಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಕಡಿಮೆ ಮಾಡುತ್ತವೆ. ಒಂದೇ ಸಾಲ ಮಾಡಲು ಸಾಧ್ಯವಿದ್ದರೆ ಅದು ಒಳ್ಳೆಯ ಸೀಟು ಸಿಕ್ಕ ಮಗುವಿನ ಹೆಸರಲ್ಲಿರಲಿ, ಅದು ಮಗಳಾದರೂ ಸರಿ.

ಅವತ್ತು ಕಟ್ಟೆಯ ಮೇಲೆ ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಕೊನೆಗೆ ಬಾಯಿ ಬಿಟ್ಟ. "ಹಂಗಾರ ವಿಮಾನ ಬಿಟ್ಟಬಿಡಬೇಕೇನ್ರಿ ಸರ್?"

ಅವನ ಆಸೆ ಸುಳ್ಳಲ್ಲ, ಆರನೆಯ ತರಗತಿಯಿಂದ ರಟ್ಟಿನ ವಿಮಾನ ಮಾಡುತ್ತಾ ಬಂದವನು. ಬಿಡಬೇಡ ಎಂದೆ. ಮೆಕ್ಯಾನಿಕಲ್ ಓದಿದವರೂ ಗೇಟ್ ಪರೀಕ್ಷೆ ಬರೆದು ಏರೋಸ್ಪೇಸ್ ಎಂ.ಟೆಕ್‌ಗೆ ಹೋಗಬಹುದು. ಗೇಟ್ ಅರ್ಹತೆಯ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ. ಅಪ್ಪ ದುಡ್ಡು ಕೊಟ್ಟು ಹದಿನೆಂಟಕ್ಕೆ ಕಲಿಯುವ ವಿಶೇಷ ವಿದ್ಯೆಯನ್ನು ಇಪ್ಪತ್ತೆರಡಕ್ಕೆ ಸರ್ಕಾರ ದುಡ್ಡು ಕೊಟ್ಟು ಕಲಿಸುತ್ತದೆ. ನಡುವೆ ಮನಸ್ಸು ಬದಲಾದರೆ ಮೆಕ್ಯಾನಿಕಲ್ ಪದವಿಗೆ ಹತ್ತು ಕಡೆ ಕೆಲಸವಿದೆ.

ಆಯ್ಕೆಗಳ ಪಟ್ಟಿಯನ್ನು ಅವನೇ ಬರೆದ. ಮೊದಲು ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್, ಸರ್ಕಾರಿ ಕೋಟಾದಲ್ಲಿ. ಆಮೇಲೆ ಬೆಳಗಾವಿಯ ಎರಡು ಕಾಲೇಜು. ನಾಲ್ಕನೆಯ ಸಾಲಿನಲ್ಲಿ ಏರೋನಾಟಿಕಲ್ ಬರೆದು, ಪಕ್ಕದಲ್ಲಿ 'ಸರ್ಕಾರಿ ಸೀಟಾದರೆ ಮಾತ್ರ' ಎಂದು ಸೇರಿಸಿದ. ತಂದೆ ಆ ಹಾಳೆಯನ್ನು ಇಸಿದುಕೊಂಡು, ಹಿಂಬದಿಯಲ್ಲಿ ನಾನು ಹಾಕಿದ್ದ 52 ಟನ್ನಿನ ಲೆಕ್ಕವನ್ನು ಇನ್ನೊಮ್ಮೆ ಬೆರಳಿಟ್ಟು ಓದಿದರು. "ಇದನ್ನ ನಮ್ಮ ತಮ್ಮಗೂ ತೋರಸ್ತೀನ್ರಿ," ಎಂದರು. "ಅಂವನ ಮಗಳು ಬರೂ ವರ್ಷ ಸಿಇಟಿ ಬರೀತಾಳ."